ಅಕ್ಷರಕ್ಕೆ ಮೊದಲು ಕಥೆ

(ಗಾರ್ಡನ್ ರೀಚ್‌ನ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಆಗ್ನೇಯ ರೈಲ್ವೆಯ ಕೇಂದ್ರ ಕಚೇರಿಯಿರುವ ಈ ಗಾರ್ಡನ್ ರೀಚ್‌ಗೆ ನಮ್ಮಲ್ಲಿ ಅನೇಕರು ವರ್ಗಾವಣೆಯ ಆದೇಶ ಹಿಡಿದು ಬಂದವರು. ಮಕ್ಕಳಿಗೆ ಆಟದ ಭಾಷೆ ಬಂಗಾಳಿ. ಶಾಲೆಯ ಭಾಷೆ ಹಿಂದಿ, ಇಂಗ್ಲಿಷ್. ಕನ್ನಡ ಮನೆಯದು ನಿಜ. ಆದರೆ ಮನೆಯಲ್ಲಿ ನಾವು ಅವರೊಡನೆ ಆಡುವ ಕನ್ನಡವಾದರೂ ಎಷ್ಟು? ಏಳು, ತಿನ್ನು, ಬರಿ, ಮಲಗು. ಇದು ಆಜ್ಞೆಗಳ ಕನ್ನಡ. ಆಜ್ಞೆಗೆ ಮಗು ಬಾಯಿ ತೆರೆಯಬೇಕಾಗಿಲ್ಲ, ಎದ್ದು ಹೋದರೆ ಸಾಕು. ಆದುದರಿಂದಲೇ ನಮ್ಮ 4-5 ವರ್ಷದ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಊರಿನಿಂದ ಅಜ್ಜಿ ಫೋನಿನಲ್ಲಿ ಮಾತನಾಡಿಸಿದರೆ ತಲೆಯಾಡಿಸುತ್ತಾರೆ. ಅದು ಅಜ್ಜಿಗೆ ಕೇಳಿಸುವುದಿಲ್ಲ.

ಇದಕ್ಕೆ ಹೊರನಾಡ ಕನ್ನಡಿಗರಾದ ನಾವು ಸಾಮಾನ್ಯವಾಗಿ ಕಂಡುಕೊಳ್ಳುವ ಪರಿಹಾರ ಭಾನುವಾರದ ಅಕ್ಷರಪಾಠ. ಬೇಡವೆನ್ನುವುದಿಲ್ಲ. ಆದರೆ ಬಾಯಿಗೆ ಬಾರದ ಭಾಷೆಯ ಅಕ್ಷರವನ್ನು ತಿದ್ದುವ ಮಗು ಚಿತ್ರ ಬರೆಯುತ್ತಿದೆಯಷ್ಟೆ.

ಬಂಗಾಳಿಯಲ್ಲಿ ಅವನು ಹೋದರೂ ಅವಳು ಹೋದರೂ 'ಗೆಲೋ'. ಕನ್ನಡದಲ್ಲಿ ಹೋದನು, ಹೋದಳು, ಹೋಯಿತು. ಇಲ್ಲಿ ಬೆಳೆದ ಮಗು 'ಅಮ್ಮ ಹೋದ' ಎಂದರೆ ನಾವು ನಗುತ್ತೇವೆ. ಮಗು ಮರುದಿನದಿಂದ ಮಾತೇ ಆಡುವುದಿಲ್ಲ. ಈ ರೂಪಗಳು ಆಜ್ಞೆಯಲ್ಲಿ ಕೇಳಸಿಗುವುದಿಲ್ಲ, ಕಥೆಯಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಕಾಗೆ ಹಾರಿತು, ಆದರೆ ಕಾಗಕ್ಕ ಬಂದಳು. ಯಾವ ವ್ಯಾಕರಣ ಪುಸ್ತಕ ಇದನ್ನು ಇಷ್ಟು ಸುಲಭವಾಗಿ ಕಲಿಸೀತು?

ಕಾಗಕ್ಕ-ಗುಬ್ಬಕ್ಕನ ಕಥೆಯನ್ನೇ ನೋಡಿ. ಮಳೆಗೆ ಮನೆ ಕಳೆದುಕೊಂಡ ಕಾಗಕ್ಕ ಮತ್ತೆ ಮತ್ತೆ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಪ್ರತಿಸಲವೂ ಹೊಸ ನೆಪ ಹೇಳುತ್ತಾಳೆ. ಮೊದಲ ದಿನ ನೀವೇ ಹೇಳಿ. ಎರಡನೆಯ ದಿನ ಕಾಗಕ್ಕನ ಮಾತನ್ನು ಮಗುವಿಗೆ ಬಿಡಿ. ಪ್ರತಿಸಲವೂ ಅದೇ ಮಾತಾದುದರಿಂದ ಭಯವಿಲ್ಲ. ಆಮೇಲೆ ಗುಬ್ಬಕ್ಕನ ಪಾತ್ರ ಕೊಡಿ: ಈಗ ನೆಪಗಳನ್ನು ಮಗುವೇ ಹುಡುಕಬೇಕು, ಅಂದರೆ ವಾಕ್ಯವನ್ನು ತಾನೇ ಕಟ್ಟಬೇಕು. ತಪ್ಪಿದರೆ ತಡೆಯಬೇಡಿ, ಅದೇ ಮಾತನ್ನು ಸರಿಯಾಗಿ ನೀವೊಮ್ಮೆ ಆಡಿ ಕಥೆ ಮುಂದುವರಿಸಿ. ಮೊಬೈಲಿನಲ್ಲಿಯೂ ಕನ್ನಡ ಕಥೆಗಳಿವೆಯಲ್ಲ ಎನ್ನುವಿರಿ. ಇವೆ. ಆದರೆ ಅದು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ.

ಇದೇನೂ ಹೊಸ ಶೋಧವಲ್ಲ. ವಕೀಲಿ ಬಿಟ್ಟು ಶಿಕ್ಷಣಕ್ಕೆ ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ 'ದಿವಾಸ್ವಪ್ನ'ದ ಶಿಕ್ಷಕ ಗದ್ದಲದ ತರಗತಿಯನ್ನು ಕಥೆಯಿಂದಲೇ ಗೆಲ್ಲುತ್ತಾನೆ. ನಮ್ಮ ಪಂಜೆ ಮಂಗೇಶರಾಯರು ಶಾಲೆಗಳ ತನಿಖಾಧಿಕಾರಿಯಾಗಿದ್ದುಕೊಂಡೇ ಮಕ್ಕಳಿಗೆ ಕಥೆ ಬರೆದರು. (ಅಧಿಕಾರಿಗಳಿಗೆ ಬಿಡುವಿಲ್ಲವೆಂಬ ನೆಪ ಆಗಲೂ ಇದ್ದಿರಬೇಕು!) ಬಂಗಾಳದ ಉಪೇಂದ್ರಕಿಶೋರ ರಾಯಚೌಧುರಿಯವರ 'ಟುನ್‌ಟುನಿರ್ ಬೊಯ್' 1910ರದು. ಊಟ ಮಾಡದೆ ನಿದ್ದೆಹೋಗುವ ಮಕ್ಕಳನ್ನು ಎಚ್ಚರವಾಗಿಡಲು ಪೂರ್ವಬಂಗಾಳದ ತಾಯಂದಿರು ಹೇಳುತ್ತಿದ್ದ ಕಥೆಗಳವು. ನಮ್ಮ ಮಕ್ಕಳು ಆ ಪುಟ್ಟ ಸಿಂಪಿಗ ಹಕ್ಕಿಯ ಕಥೆಗಳನ್ನು ನೆರೆಮನೆಯಲ್ಲಿ ಕೇಳಿ ಬಂದರೆ ಕನ್ನಡದಲ್ಲಿ ಹೇಳಿಸಿ. ಕಥೆ ಮೊದಲೇ ಗೊತ್ತಿರುವುದರಿಂದ ಮಗು ಮಾತನ್ನು ಮಾತ್ರ ಹುಡುಕಿದರೆ ಸಾಕು. ಬಂಗಾಳಿಯನ್ನು ಹೊರಗಟ್ಟಿ ಕನ್ನಡ ಉಳಿಸುವ ಹಟ ನನಗಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿರುವೆಡೆ ಕನಿಷ್ಠ 5ನೆಯ ತರಗತಿಯವರೆಗೆ ಮನೆಮಾತಿನಲ್ಲಿ ಬೋಧನೆಯಿರಲಿ ಎನ್ನುತ್ತದೆ. ಗಾರ್ಡನ್ ರೀಚ್‌ನ ಬೆರಳೆಣಿಕೆಯ ಕನ್ನಡ ಮಕ್ಕಳಿಗೆ ಆ 'ಸಾಧ್ಯ' ಶಾಲೆಯಲ್ಲಿ ಒದಗಲಾರದು. ಚಳಿಗಾಲದಲ್ಲಿ ಊರಿನಿಂದ ಬರುವ ಅಜ್ಜ-ಅಜ್ಜಿಯರನ್ನು ದಕ್ಷಿಣೇಶ್ವರ, ಬೇಲೂರು ಮಠ ತೋರಿಸಿ ಕಳುಹಿಸುತ್ತೇವೆ. ಒಂದು ಶನಿವಾರದ ಸಂಜೆಯನ್ನು ಮಕ್ಕಳಿಗೂ ಕೇಳೋಣ. ವೇದಿಕೆ, ಸ್ಪರ್ಧೆ, ಬಹುಮಾನ ಬೇಡ. ಚಾಪೆ ಹಾಸಲು ನಮ್ಮ ಮನೆಯ ನಡುಕೋಣೆಯಿದೆ.