ಮುಚ್ಚಳ ತಂದ ಗಾಬರಿ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗಿನ ಸಂಗತಿಯೊಂದನ್ನು ನಿಮಗೆ ಅರಿಕೆ ಮಾಡುತ್ತೇನೆ. ಪೆಟ್ರೋಲು ತುಂಬಿಸಿದ ಮರುದಿನ ಅವಳ ಕಾರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ತಿಂಗಳ ಕೊನೆ, ರಿಪೇರಿಯ ಖರ್ಚು ನೆನೆದು ಮಗಳ ಮುಖ ಬಾಡಿತು. ನೋಡಿದರೆ, ಪೆಟ್ರೋಲು ಟ್ಯಾಂಕಿನ ಮುಚ್ಚಳ ಸಡಿಲವಾಗಿತ್ತು, ಅಷ್ಟೆ!

ಮುಚ್ಚಳಕ್ಕೂ ಎಂಜಿನ್ನಿಗೂ ಏನು ನಂಟು ಎನ್ನುವಿರಾ? ತೆರೆದಿಟ್ಟ ಕರ್ಪೂರದಂತೆ ಪೆಟ್ರೋಲೂ ಆವಿಯಾಗಿ ಹಾರುತ್ತದೆ. ಅದು ಗಾಳಿಯನ್ನು ಕೆಡಿಸಬಾರದೆಂದು, ಇದ್ದಿಲು ತುಂಬಿದ ಡಬ್ಬಿಯೊಂದು ಆವಿಯನ್ನು ಹೀರಿಟ್ಟುಕೊಂಡು ಬಳಿಕ ಎಂಜಿನ್ನಿಗೆ ಉಣಿಸುತ್ತದೆ. ಎಲ್ಲಿಯಾದರೂ ಸೋರಿದರೆ ಕಾರು ತಾನೇ ಪರೀಕ್ಷಿಸಿ ದೀಪ ಹಚ್ಚುತ್ತದೆ. ಅಲ್ಲಿ 1996ರಿಂದ ಮಾರುವ ಕಾರುಗಳಿಗೆ ಇಂಥ ಸ್ವಪರೀಕ್ಷೆಯ ಏರ್ಪಾಡು ಕಡ್ಡಾಯ.

ಮುಚ್ಚಳವನ್ನು ಟಿಕ್ಕೆನ್ನುವವರೆಗೆ ತಿರುಗಿಸಿ. ಅದರ ರಬ್ಬರ್ ಬಳೆ ಬಿರಿದಿದ್ದರೆ ಮುಚ್ಚಳವನ್ನೇ ಬದಲಿಸಿ. ದೀಪ ಒಡನೆ ಆರದು. ಕಾರು ಹಲವು ಸಲ ಓಡಾಡಿ, ಸೋರಿಕೆ ಇಲ್ಲವೆಂದು ತನಗೆ ತಾನೇ ನಂಬಿಕೆ ತಂದುಕೊಳ್ಳಬೇಕು. ವಾರ ಕಳೆದರೂ ಆರದಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ.

ದೀಪ ಮಿನುಗತೊಡಗಿದರೆ ಮಾತ್ರ ಅದು ಮುಚ್ಚಳದ ಮಾತಲ್ಲ. ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ. ಹೊಗೆಯನ್ನು ಶುದ್ಧಿಮಾಡುವ, ಬಲು ಬೆಲೆಯ ಭಾಗ ಸುಟ್ಟುಹೋದೀತು. ಆಗ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿಬಿಡಿ.

ಮಗಳ ಕಾರಿನ ದೀಪ ಐದನೆಯ ದಿನ ಆರಿತು.