ಎಷ್ಟು ಹೊತ್ತು ನೋಡುತ್ತೀರಿ ಎಂದಷ್ಟೇ ಕೇಳಿದರೆ ಸಾಲದು



ಹಿಂದೂಪುರ, ಕಲ್ಯಾಣದುರ್ಗ, ಮಡಕಶಿರಾ, ರಾಯದುರ್ಗಗಳ ಗಡಿನಾಡಿನ ಕನ್ನಡ ಸಮ್ಮೇಳನವೆಂದರೆ ಶಾಲೆ, ಶಿಕ್ಷಕರ ನೇಮಕ, ಪಠ್ಯಪುಸ್ತಕ ಇವುಗಳ ಮಾತು ಬರಲೇಬೇಕು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, ರಾಯದುರ್ಗ ಆಂಧ್ರಕ್ಕೆ ಹೋದ ದಿನದಿಂದ ಆ ಅಹವಾಲುಗಳು ನಮ್ಮ ಜೊತೆಗಿವೆ. ಇಂದು ಅವುಗಳ ಪಕ್ಕದಲ್ಲೇ ಇನ್ನೊಂದು ವಿಷಯ ಇಡುತ್ತೇನೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ತೆಲುಗು ಓದುತ್ತಾರೆ, ಫೋನಿನಲ್ಲಿ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಆ ಫೋನು ಅವರ ಬದುಕಿಗೆ, ನೆಮ್ಮದಿಗೆ ಏನು ಮಾಡುತ್ತಿದೆ? ಸಂಶೋಧಕರು ಏನು ಕಂಡುಕೊಂಡಿದ್ದಾರೆ? ಅದರಲ್ಲಿ ನಮ್ಮ ಪಾಲಿನದು ಎಷ್ಟು?

ಮೊದಲು ಲೋಕದ ಮಾತು. 2018ರ ಅಮೆರಿಕದ ಚುನಾವಣೆಗೆ ಮುನ್ನ ಹಂಟ್ ಆಲ್ಕಾಟ್ ಮತ್ತು ಸಂಗಡಿಗರು ಕೆಲವರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ಬಿಟ್ಟವರು ಮನೆಯವರೊಂದಿಗೆ, ಗೆಳೆಯರೊಂದಿಗೆ ಹೆಚ್ಚು ಹೊತ್ತು ಕಳೆದರು. ಅವರ ನೆಮ್ಮದಿ ಸ್ವಲ್ಪ ಹೆಚ್ಚಿತು, ರಾಜಕೀಯ ಕಾವು ಸ್ವಲ್ಪ ಇಳಿಯಿತು. ಜೊತೆಗೆ, ಸುದ್ದಿಯ ತಿಳಿವಳಿಕೆಯೂ ಕಡಿಮೆಯಾಯಿತು! 2019ರಲ್ಲಿ ಏಮಿ ಓರ್ಬೆನ್ ಮತ್ತು ಆ್ಯಂಡ್ರ್ಯೂ ಶಿಬಿಲ್ಸ್ಕಿ 3,55,358 ಹದಿಹರೆಯದವರ ಮಾಹಿತಿ ಜಾಲಾಡಿ, ಡಿಜಿಟಲ್ ಬಳಕೆಗೂ ಮನಸ್ಸಿನ ಕ್ಷೇಮಕ್ಕೂ ಇರುವ ನಂಟು ಕೆಡುಕಿನ ಕಡೆಗೇ ವಾಲಿದ್ದರೂ ಬಹಳ ಸಣ್ಣದು, ಕ್ಷೇಮದಲ್ಲಿನ ವ್ಯತ್ಯಾಸದ ಶೇ. 0.4ಕ್ಕಿಂತ ಹೆಚ್ಚನ್ನು ಅದು ವಿವರಿಸಲಾರದು ಎಂದರು. 2022ರಲ್ಲಿ ಬ್ರಗಿಯೆರಿ, ಲೆವಿ, ಮಕರಿನ್ ಎಂಬ ಮೂವರು, ಫೇಸ್‌ಬುಕ್ ಶುರುವಾದ ಕಾಲಕ್ಕೆ ಅದು ಒಂದೊಂದೇ ಅಮೆರಿಕನ್ ಕಾಲೇಜಿಗೆ ಕಾಲಿಟ್ಟಂತೆ ಅಲ್ಲಿನ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ ಕುಗ್ಗಿದ್ದನ್ನು ತೋರಿಸಿದರು. ಅವರು ಗುರುತಿಸಿದ ಮುಖ್ಯ ಕಾರಣ, ಪರರೊಡನೆ ತಮ್ಮನ್ನು ಹೋಲಿಸಿಕೊಂಡು ಕುಗ್ಗುವುದು.

ಒಬ್ಬರು ಸಣ್ಣದೆಂದರು, ಇನ್ನೊಬ್ಬರು ದೊಡ್ಡದೆಂದರು, ಯಾರನ್ನು ನಂಬೋಣ? ಇಬ್ಬರನ್ನೂ ನಂಬಬಹುದು. ಲಕ್ಷಾಂತರ ಮಂದಿಯ ಸರಾಸರಿಯಲ್ಲಿ ಒಬ್ಬನ ಸುಖ, ಇನ್ನೊಬ್ಬನ ಸಂಕಟ ಎರಡೂ ಕರಗಿಹೋಗುತ್ತವೆ. ಕಲ್ಯಾಣದುರ್ಗದ ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೋದ ತಂದೆಗೆ ರಾತ್ರಿ ಮಗಳ ಮುಖ ಕಾಣಿಸುವುದೂ ಅದೇ ಫೋನು. ಪರೀಕ್ಷೆಯ ಹಿಂದಿನ ರಾತ್ರಿ ಹುಡುಗನನ್ನು ರೀಲ್ಸ್‌ಗೆ ಕಟ್ಟಿಹಾಕುವುದೂ ಅದೇ ಫೋನು. ಗಂಟೆಗಳನ್ನು ಮಾತ್ರ ಎಣಿಸುವ ಸಮೀಕ್ಷೆಗೆ ಇವೆರಡೂ ಒಂದೇ.

ಆದ್ದರಿಂದ ಊರಿನಲ್ಲಿ ಉಳಿದು ನೋಡುವ ಸಂಶೋಧನೆ ನನಗೆ ಹೆಚ್ಚು ಹತ್ತಿರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೇನಿಯಲ್ ಮಿಲ್ಲರ್ ನೇತೃತ್ವದಲ್ಲಿ ಒಂಬತ್ತು ಮಾನವಶಾಸ್ತ್ರಜ್ಞರು ಬೇರೆ ಬೇರೆ ದೇಶಗಳಲ್ಲಿ ತಲಾ ಹದಿನೈದು ತಿಂಗಳು ನೆಲೆಸಿ ಸಾಮಾಜಿಕ ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡಿದರು. ದಕ್ಷಿಣ ಭಾರತದ ಪಾಲು ಶ್ರೀರಾಮ್ ವೆಂಕಟರಾಮನ್ ಅವರದು. ಚೆನ್ನೈ ಅಂಚಿನ, ಐಟಿ ಕಟ್ಟಡಗಳು ಎದ್ದ ಹಳ್ಳಿಗಳ ಗುಂಪಿಗೆ 'ಪಂಚಗ್ರಾಮಿ' ಎಂದು ಹೆಸರಿಟ್ಟು ಬರೆದ ಅವರ ಪುಸ್ತಕ 2017ರಲ್ಲಿ ಬಂತು. ಅವರು ಕಂಡದ್ದು ಇಷ್ಟು: ಜಾತಿ, ವರ್ಗ, ಹೆಣ್ಣು ಗಂಡೆಂಬ ಭೇದಗಳು ಆನ್‌ಲೈನಿಗೂ ನಡೆದು ಬಂದಿವೆ. ಬಡ ಮನೆಯ ಮದುವೆಯಾಗದ ಹುಡುಗಿಯ ಕೈಗೆ ಫೋನು ಸಿಗುವುದೇ ಕಷ್ಟ. ಅಂಥವಳಿಗೆ 'ದಿನಕ್ಕೆ ಎಷ್ಟು ಗಂಟೆ?' ಎಂದು ಕೇಳಿ ಏನು ತಿಳಿದೀತು?

ಗಡಿ ಎಂದಾಗ ನೆನಪಾಗಬೇಕಾದ ಇನ್ನೊಂದು ಊರು ಬೀದರ್ ಜಿಲ್ಲೆಯ ಮುರ್ಕಿ. 2018ರ ಜುಲೈ 13ರಂದು ಹೈದರಾಬಾದಿನ ಕಡೆಯಿಂದ ಬಂದ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿತು; ಜನ ಮುತ್ತಿದರು; ಒಬ್ಬ ಯುವಕ ಜೀವ ಕಳೆದುಕೊಂಡ. ಅದೇ ತಿಂಗಳು ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು. ಮರುವರ್ಷ ಸಂಶೋಧಕರಾದ ಶಕುಂತಲಾ ಬನಾಜಿ ಮತ್ತು ರಾಮ್ ಭಟ್, ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳಲ್ಲಿ ಜನರನ್ನು ಮಾತಾಡಿಸಿ ಬರೆದ ವರದಿ, ತಂತ್ರಜ್ಞಾನ ತಿಳಿಯದವರ ತಪ್ಪು ಇದು ಎಂಬ ಸುಲಭದ ಸಮಾಧಾನವನ್ನು ಒಪ್ಪಲಿಲ್ಲ. ಪರಕೀಯರ ಮೇಲಿನ ಪೂರ್ವಗ್ರಹ ಮೊದಲೇ ಮನಸ್ಸಿನಲ್ಲಿರುತ್ತದೆ, ನಮ್ಮವರೇ ಕಳಿಸಿದ ಸಂದೇಶ ಅದಕ್ಕೆ ಬೆಂಕಿ ಹಚ್ಚುತ್ತದೆ ಎಂಬುದು ಅದರ ತಿರುಳು. ಎರಡು ಭಾಷೆಯವರು ಕೂಡಿ ಬಾಳುವ ನಮ್ಮ ಊರುಗಳಿಗೆ ಇದು ನೇರ ಎಚ್ಚರಿಕೆ.

ಇಷ್ಟೆಲ್ಲ ಓದಿದ ಮೇಲೆ ನನ್ನ ಮಾತು ಒಂದೇ: ನಮ್ಮ ಬದುಕಿನ ಪ್ರಶ್ನೆಗಳನ್ನು ನಾವೇ, ನಮ್ಮ ಮಾತಿನಲ್ಲೇ ಕೇಳಬೇಕು. ಹಿಂದೂಪುರ, ಕಲ್ಯಾಣದುರ್ಗದ ಕಾಲೇಜುಗಳು ಇದನ್ನು ಮಾಡಬಲ್ಲವು. ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮಾರ್ಗದರ್ಶನ ಕೇಳೋಣ.

ಮೂರು ಸೂಚನೆ ಕೊಡುತ್ತೇನೆ. ಒಂದು, ಇಂಗ್ಲಿಷ್ ಪ್ರಶ್ನಾವಳಿಯನ್ನು ಅನುವಾದಿಸಿ ಹಂಚಬೇಡಿ. ಮನೆಯ ಜಗಲಿಯಲ್ಲಿ ಕುಳಿತು, ಅವರು ಆಡುವ ಕನ್ನಡ-ತೆಲುಗಿನಲ್ಲೇ ಕೇಳಿ. ಯಾರ ಜೊತೆ ಮಾತಾಡಿದಿರಿ, ಯಾವುದನ್ನು ನೋಡಿ ನಿದ್ದೆ ಕೆಟ್ಟಿತು, ಯಾವ ಸುದ್ದಿ ನಂಬಿ ಹಣ ಕಳೆದುಕೊಂಡಿರಿ ಎಂಬುದು ಬೇಕು. ಎರಡು, ಒಪ್ಪಿಗೆ ಕೇಳಿ. 2012ರಲ್ಲಿ ಫೇಸ್‌ಬುಕ್ 6,89,003 ಬಳಕೆದಾರರಿಗೆ ತಿಳಿಸದೆಯೇ ಅವರಿಗೆ ಕಾಣುವ ಪೋಸ್ಟುಗಳನ್ನು ಬದಲಿಸಿ ಅವರ ಭಾವನೆಗಳನ್ನು ಪರೀಕ್ಷಿಸಿತ್ತು; 2014ರಲ್ಲಿ ಅದು ಪ್ರಕಟವಾದಾಗ ಲೋಕವೇ ಛೀಮಾರಿ ಹಾಕಿತು. ವಿದ್ಯಾರ್ಥಿಯ ಕೈಯಲ್ಲಿ ಆದರೂ ತಪ್ಪು ತಪ್ಪೇ. ಮೂರು, ಕಂಡದ್ದನ್ನು ಊರಿಗೇ ಮರಳಿ ಹೇಳಿ, ಎರಡೂ ಭಾಷೆಯಲ್ಲಿ.

ಕೇಳಲು ಹೊರಟಾಗ ನಿಜವಾಗಿ ಕಂಗೆಟ್ಟವರು ಸಿಕ್ಕೇ ಸಿಗುತ್ತಾರೆ. ಅವರನ್ನು ಅಂಕಿ ಮಾಡಿಕೊಂಡು ಬರಬೇಡಿ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ 'ಶಟ್' ಎಂಬ ಕ್ಲಿನಿಕ್ ತೆರೆದು ಫೋನ್, ಗೇಮ್‌ಗಳ ಗೀಳಿಗೆ ಚಿಕಿತ್ಸೆ ಕೊಡುತ್ತಿದೆ. ಹಿಂದೂಪುರದಿಂದ ರೈಲು ಹತ್ತಿದರೆ ಬೆಂಗಳೂರು ದೂರವಲ್ಲ. 2022ರಲ್ಲಿ ಶುರುವಾದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುವವರಿದ್ದಾರೆ. ಈ ಸಂಖ್ಯೆ ಪ್ರತಿ ಕಾಲೇಜಿನ ಫಲಕದ ಮೇಲೆ ಇರಲಿ.

ನಿರ್ಣಯಗಳ ಗೋಷ್ಠಿಯಲ್ಲಿ ಈ ಅಧ್ಯಯನದ ಕೆಲಸವನ್ನು ಒಂದು ನಿರ್ಣಯವಾಗಿ ಮಂಡಿಸಲು ಕೋರುತ್ತೇನೆ. ಮುಂದಿನ ಸಮ್ಮೇಳನದಲ್ಲಿ ಅಧ್ಯಕ್ಷರು ಅಮೆರಿಕದ ಅಂಕಿಗಳನ್ನು ಓದುವ ಬದಲು ನಿಮ್ಮ ವರದಿಯನ್ನು ಓದುವಂತಾಗಲಿ.