ನೋವು ಹೋದ ಮೇಲಿನ ಹಲ್ಲು



ಹಗಲೆಲ್ಲ ಸುಮ್ಮನಿದ್ದ ಹಲ್ಲು ರಾತ್ರಿ ದಿಂಬಿಗೆ ತಲೆಯಿಟ್ಟ ಕೂಡಲೇ ಯಾಕೆ ಸಿಡಿಯತೊಡಗುತ್ತದೆ? ರೂಟ್ ಕೆನಾಲ್ ಚಿಕಿತ್ಸೆಯ ಮಾತನ್ನು ಇಲ್ಲಿಂದಲೇ ಶುರು ಮಾಡೋಣ. ಹಲ್ಲಿನ ಹೊರಗಿನ ಬಿಳಿಯ ಗಟ್ಟಿ ಪದರ ಎನಾಮಲ್. ಅದರ ಕೆಳಗೆ ತುಸು ಹಳದಿ ಬಣ್ಣದ ಡೆಂಟಿನ್. ಅದರ ನಟ್ಟನಡುವೆ ಒಂದು ಪುಟ್ಟ ಕೋಣೆ, ಕೋಣೆಯ ತುಂಬ ಮೆತ್ತನೆಯ ತಿರುಳು. ನರ, ರಕ್ತನಾಳ ಎರಡೂ ಇರುವುದು ಈ ತಿರುಳಿನಲ್ಲಿ. ಹುಳುಕು ಮೇಲಿನ ಎರಡೂ ಪದರ ದಾಟಿ ತಿರುಳನ್ನು ಮುಟ್ಟಿತೆಂದರೆ ತಿರುಳು ಬಾತುಕೊಳ್ಳುತ್ತದೆ. ಕೈಮೇಲೆ ಕುರು ಎದ್ದರೆ ಚರ್ಮ ಉಬ್ಬಿ ಜಾಗ ಕೊಡುತ್ತದೆ. ಹಲ್ಲಿನೊಳಗೆ ಉಬ್ಬಲು ಜಾಗವೇ ಇಲ್ಲ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ತುಸು ಏರುತ್ತದೆ. ಆ ತುಸುವೇ ಸಾಕು, ರಾತ್ರಿಯೆಲ್ಲ ಅಂಗಳದಲ್ಲಿ ಅಡ್ಡಾಡಿಸಲಿಕ್ಕೆ.

ಬಿಸಿ ಚಹಾ ಕುಡಿದರೆ ನೋವು ಏಳುತ್ತದೆ, ತಣ್ಣೀರು ಬಾಯಲ್ಲಿ ಹಿಡಿದರೆ ಇಳಿಯುತ್ತದೆ. ಕೆಲವರು ನೀರಿನ ಬಾಟಲಿ ಹಿಡಿದುಕೊಂಡೇ ದವಾಖಾನೆಗೆ ಬರುತ್ತಾರೆ. ಬಾಟಲಿ ಕಂಡರೆ ಅರ್ಧ ರೋಗನಿರ್ಣಯ ಆದಂತೆಯೇ: ತಿರುಳು ಮತ್ತೆ ಚೇತರಿಸಿಕೊಳ್ಳುವ ಹಂತ ಮೀರಿದೆ. ಇನ್ನು ಉಳಿದಿರುವುದು ಎರಡೇ ದಾರಿ. ತಿರುಳು ತೆಗೆದು ಹಲ್ಲು ಉಳಿಸುವುದು, ಅದೇ ರೂಟ್ ಕೆನಾಲ್; ಇಲ್ಲವೆ ಹಲ್ಲನ್ನೇ ತೆಗೆಯುವುದು.

ವಿಜಯಪುರದ ಸ್ಟೇಷನ್ ರಸ್ತೆಯ ನಮ್ಮ ದವಾಖಾನೆಗೆ ಹಲ್ಲು ತೋರಿಸಲು ಬರುವವರಲ್ಲಿ ಪೇಟೆಯವರೂ ಇದ್ದಾರೆ, ತಿಕೋಟಾ, ಬಬಲೇಶ್ವರದ ಕಡೆಯ ದ್ರಾಕ್ಷಿ ತೋಟದವರೂ ಇದ್ದಾರೆ. ಬರುವ ಮೊದಲು ಹೆಚ್ಚಿನವರು ಮೂರು ಉಪಾಯ ಮುಗಿಸಿರುತ್ತಾರೆ. ಮೊದಲನೆಯದು ಲವಂಗ. ಅದನ್ನು ನಾನು ಬೈಯುವುದಿಲ್ಲ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನರವನ್ನು ನಿಜವಾಗಿಯೂ ತಣಿಸುತ್ತದೆ. ನಾವು ಹಾಕುವ ಒಂದು ಬಗೆಯ ತಾತ್ಕಾಲಿಕ ಸಿಮೆಂಟಿನಲ್ಲೂ ಇರುವುದು ಅದೇ. ಎರಡನೆಯದು ತಂಬಾಕು, ಇಲ್ಲವೆ ಹುರಿದ ತಂಬಾಕಿನ ಪುಡಿ ಮಿಶ್ರಿ. ಹಲ್ಲಿನ ಸಂದಿಗೆ ಒತ್ತಿಟ್ಟರೆ ಮರಗಟ್ಟಿದಂತೆ ಆಗುತ್ತದೆ ನಿಜ, ಆದರೆ ಒಸಡು ಸುಡುತ್ತದೆ, ಕ್ಯಾನ್ಸರಿನ ದಾರಿ ತೆರೆಯುತ್ತದೆ. ಮೂರನೆಯದು ಮೆಡಿಕಲ್ ಅಂಗಡಿಯ ಗುಳಿಗೆ. ನೋವಿನ ಗುಳಿಗೆ ಒಂದೆರಡು ದಿನ ನುಂಗಿದರೆ ತಪ್ಪಿಲ್ಲ. ಅದರ ಜೊತೆ ಆ್ಯಂಟಿಬಯಾಟಿಕ್ಕನ್ನೂ ಕೇಳಿ ತರುತ್ತಾರಲ್ಲ, ಅದರಿಂದ ಮಾತ್ರ ಏನೂ ಆಗದು. ಗುಳಿಗೆಯ ಔಷಧ ಹೋಗುವುದು ರಕ್ತದ ದಾರಿಯಲ್ಲಿ. ಸತ್ತ ತಿರುಳಿನಲ್ಲಿ ರಕ್ತವೇ ಹರಿಯುವುದಿಲ್ಲ, ಔಷಧ ಅಲ್ಲಿಗೆ ತಲುಪುವುದಾದರೂ ಹೇಗೆ? ಮುಖ ಬಾತು ಜ್ವರ ಬಂದಾಗ ಅದರ ಕೆಲಸವಿದೆ. ಬರೀ ನೋವಿಗೆ ಇಲ್ಲ.

ಕುರ್ಚಿಯ ಮೇಲೆ ಕೂತವರು ಮೊದಲು ಹೇಳುವ ಮಾತು ಒಂದೇ: "ಕಿತ್ತ ಒಗದ ಬಿಡ್ರಿ ಡಾಕ್ಟ್ರ, ಎದಕ್ಕ ಬೇಕ ಕಿರಿಕಿರಿ." ಹಾಗೆ ಹೇಳಿದವರೇ ಮೇಲಿನ ಹಲ್ಲೆಂದು ಗೊತ್ತಾದರೆ ಹೆದರುತ್ತಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಕಣ್ಣಿಗೆ ಏನೂ ಆಗುವುದಿಲ್ಲ. ಆಗುವುದು ಬೇರೆ. ದವಡೆ ಹಲ್ಲು ಹೋದ ಜಾಗಕ್ಕೆ ಪಕ್ಕದ್ದು ವಾಲುತ್ತದೆ, ಎದುರಿನದು ಅತ್ತ ಚಾಚಿಕೊಳ್ಳುತ್ತದೆ, ಕೆಲವು ವರ್ಷಗಳಲ್ಲಿ ಖಡಕ್ ರೊಟ್ಟಿ ಆ ಮಗ್ಗುಲಲ್ಲಿ ಮುರಿಯುವುದಿಲ್ಲ. ಬಡ ಕುಟುಂಬಗಳ ಹಲ್ಲಿಲ್ಲದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ಸರ್ಕಾರ ದಂತ ಭಾಗ್ಯ ಯೋಜನೆ ತಂದಿತು, ಒಳ್ಳೆಯ ಕೆಲಸವೇ. ಆದರೆ ಸೆಟ್ಟಿನ ಅಗಿಯುವ ಬಲ ಸ್ವಂತ ಹಲ್ಲಿನ ಬಲದ ಹತ್ತಿರವೂ ಬರುವುದಿಲ್ಲ.

ಖರ್ಚಿನ ಮಾತೂ ಇದೆ. ಖಾಸಗಿ ದವಾಖಾನೆಯಲ್ಲಿ ಕೊಡುವುದು ಕಷ್ಟವೆನ್ನುವವರಿಗೆ ದಂತ ಕಾಲೇಜುಗಳಿವೆ. ನಮ್ಮೂರಲ್ಲಿ ಅಥಣಿ ರಸ್ತೆಯಲ್ಲಿ ಅಲ್-ಅಮೀನ್ ದಂತ ಕಾಲೇಜಿದೆ. ತಿಕೋಟಾದಿಂದ ಬರುವವರಿಗೆ ದಾರಿಯಲ್ಲೇ ಸಿಗುತ್ತದೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣಳತೆಯಲ್ಲಿ ಕೆಲಸ ಮಾಡುತ್ತಾರೆ. ಶುಲ್ಕ ಸಾಮಾನ್ಯವಾಗಿ ಕಡಿಮೆ, ಹೊತ್ತು ಹೆಚ್ಚು. ಅವಸರವಿಲ್ಲದವರಿಗೆ ಒಳ್ಳೆಯ ಜಾಗ.

ಈಗ ಕುರ್ಚಿಗೆ ಬರೋಣ. ಮೊದಲಿಗೆ, ಹಸಿದು ಬರಬೇಡಿ. ಸೂಜಿ ಚುಚ್ಚುತ್ತಾರೆಂದು ಉಪವಾಸ ಬಂದು ಕಣ್ಣು ಕತ್ತಲಿಟ್ಟು ಬೀಳುವವರನ್ನು ಕಂಡಿದ್ದೇನೆ. ಊಟ ಮಾಡಿ, ಸಕ್ಕರೆ ಕಾಯಿಲೆಯ ಮತ್ತು ಬಿ.ಪಿ.ಯ ಗುಳಿಗೆ ನುಂಗಿಯೇ ಬನ್ನಿ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಬಸುರಿಯರು ಎಷ್ಟನೇ ತಿಂಗಳೆಂಬುದನ್ನು ತಿಳಿಸಬೇಕು.

ಒಂದು ಸಣ್ಣ ಎಕ್ಸ್-ರೇ ತೆಗೆದು ಬೇರುಗಳನ್ನು ನೋಡುತ್ತೇವೆ. ಆಮೇಲೆ ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್. ಸೂಜಿ ಇಳಿಯುವಾಗ ಇರುವೆ ಕಚ್ಚಿದಷ್ಟು ಚುಳ್ಳೆನ್ನುತ್ತದೆ. ಕೆಳಗಿನ ದವಡೆಯಾದರೆ ಕೆಲವು ನಿಮಿಷದಲ್ಲಿ ಅರ್ಧ ತುಟಿ ಮರಗಟ್ಟುತ್ತದೆ. ಬಾಯಿ ಸೊಟ್ಟಗಾಯಿತೆಂದು ಕನ್ನಡಿ ಕೇಳುವವರಿದ್ದಾರೆ. ಬಾಯಿ ನೆಟ್ಟಗೇ ಇರುತ್ತದೆ, ಗೊತ್ತಾಗುವುದಿಲ್ಲ ಅಷ್ಟೆ. ಈ ಮರಗಟ್ಟುವಿಕೆ ಎರಡು ಮೂರು ತಾಸು ಇರುತ್ತದೆ. ಅಷ್ಟರೊಳಗೆ ಬಿಸಿ ಚಹಾ ಕುಡಿದು ನಾಲಿಗೆ ಸುಟ್ಟುಕೊಳ್ಳುವುದು, ಮಕ್ಕಳಾದರೆ ತುಟಿ ಅಗಿದುಕೊಳ್ಳುವುದು ಆಗುತ್ತದೆ, ಜೋಕೆ.

ನೋವು ಆಗುತ್ತದೆಯೋ ಇಲ್ಲವೋ? ಹಿರಿಯರ ಹೆದರಿಕೆ ಸುಳ್ಳಲ್ಲ. ಒಂದು ಕಾಲದಲ್ಲಿ ಹಲ್ಲಿನೊಳಗೆ ಆರ್ಸೆನಿಕ್ ಇಟ್ಟು ನರವನ್ನು ಸಾಯಿಸುತ್ತಿದ್ದರು, ಸಾಯುವ ತನಕ ನೋಯುತ್ತಿತ್ತು. ಸ್ವೀಡನ್ನಿನಲ್ಲಿ 1943ರಲ್ಲಿ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ಸಿದ್ಧಪಡಿಸಿದ ಲಿಗ್ನೊಕೇನ್ ಬಂದ ಮೇಲೆ ಆ ಕತೆ ಮುಗಿಯಿತು. ಹಾಗಂತ ಎಂದೂ ಏನೂ ಆಗುವುದಿಲ್ಲವೆಂದು ನಾನು ಆಣೆ ಮಾಡಲಾರೆ. ಬಹಳ ಉರಿ ಎದ್ದ ಕೆಳಗಿನ ದವಡೆ ಹಲ್ಲು ಕೆಲವೊಮ್ಮೆ ಒಂದೇ ಇಂಜೆಕ್ಷನ್ನಿಗೆ ಮಣಿಯುವುದಿಲ್ಲ. ಚುಳ್ಳೆಂದರೆ ಎಡಗೈ ಎತ್ತಿ. ನಿಲ್ಲಿಸಿ ಇನ್ನಷ್ಟು ಔಷಧ ಕೊಡುತ್ತೇವೆ. ಹಲ್ಲು ಕಚ್ಚಿ ತಡೆದುಕೊಳ್ಳುವ ಶೌರ್ಯ ಇಲ್ಲಿ ಬೇಡ, ಬಾಯಿ ತೆರೆದಿರುವುದರಿಂದ ಸಾಧ್ಯವೂ ಇಲ್ಲ.

ಆಮೇಲೆ ಹಲ್ಲಿನ ಮೇಲೆ ತೆಳುವಾದ ರಬ್ಬರ್ ಹಾಳೆಯೊಂದನ್ನು ಬಿಗಿಯುತ್ತಾರೆ. ಹಾಳೆಯ ತೂತಿನಿಂದ ನಿಮ್ಮ ಹಲ್ಲೊಂದೇ ಹೊರಗೆ ಕಾಣುತ್ತದೆ. ನ್ಯೂಯಾರ್ಕಿನ ಸ್ಯಾನ್‌ಫೋರ್ಡ್ ಬಾರ್ನಮ್ ಎಂಬ ದಂತವೈದ್ಯ 1864ರಲ್ಲಿ ಮಾಡಿದ ಉಪಾಯವಿದು. ಎಂಜಲು ಹಲ್ಲಿನೊಳಗೆ ಹೋಗಬಾರದು, ಹಲ್ಲಿನೊಳಗಿನ ಔಷಧ, ಉಪಕರಣ ಗಂಟಲಿಗೆ ಹೋಗಬಾರದು. ಉಸಿರು ಕಟ್ಟಿದಂತೆ ಅನ್ನಿಸಿದರೆ ಮೂಗಿನಿಂದ ಎಳೆದುಕೊಳ್ಳಿ. ಈ ರಬ್ಬರ್ ಹಾಕದೆ ಕೆಲಸ ಮುಗಿಸುವವರೂ ಇದ್ದಾರೆ. "ಡಾಕ್ಟ್ರ, ರಬ್ಬರ್ ಹಾಕ್ತೀರೇನ್ರಿ?" ಎಂದು ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಮುಂದಿನದು ಕಣ್ಣಿಗೆ ಕಾಣದ ಕೆಲಸ. ಮೇಲಿನಿಂದ ಹಲ್ಲನ್ನು ತೆರೆದು ಬೇರುಗಳೊಳಗಿನ ನಾಳ ಹುಡುಕುತ್ತೇವೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು, ಕೆಳಗಿನ ದವಡೆ ಹಲ್ಲಿಗೆ ಮೂರು. ಮೇಲಿನ ದೊಡ್ಡ ದವಡೆ ಹಲ್ಲಿಗೆ ಮೂರು ಅಂದುಕೊಂಡರೆ ಎಷ್ಟೋ ಸಲ ನಾಲ್ಕನೆಯದೊಂದು ಅಡಗಿ ಕೂತಿರುತ್ತದೆ. ಮಾಡಿಸಿದ ಹಲ್ಲು ವರ್ಷಗಳ ಮೇಲೆ ಮತ್ತೆ ಕಾಡಲು ಆ ಅಡಗಿದ ನಾಳ ಒಂದು ದೊಡ್ಡ ಕಾರಣ. ನಾಳ ಉಜ್ಜಲು ಸೂಜಿಯಂಥ ಅರವಿದೆ, ಅದೇ ಫೈಲು. ಮೊದಲು ಇಳಿಯುವ ಹತ್ತನೇ ನಂಬರಿನ ಫೈಲಿನ ತುದಿಯ ದಪ್ಪ 0.10 ಮಿಲಿಮೀಟರ್. ನಂಬರಿಗೊಂದು ಬಣ್ಣ: ಹತ್ತು ನೇರಳೆ, ಹದಿನೈದು ಬಿಳಿ, ಇಪ್ಪತ್ತು ಹಳದಿ, ಇಪ್ಪತ್ತೈದು ಕೆಂಪು. 1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗನ್ನೇ ತೀಡಿ ಇಂಥ ಮೊದಲ ಉಪಕರಣ ಮಾಡಿಕೊಂಡನಂತೆ. ಇವತ್ತು ನಿಕ್ಕಲ್-ಟೈಟೇನಿಯಂ ಫೈಲುಗಳು ಬಾಗಿದ ಬೇರಿನಲ್ಲಿ ತಾವೂ ಬಾಗಿ ಇಳಿಯುತ್ತವೆ. ಬೇರಿನ ತುದಿ ಬಂತೆಂದು ತಿಳಿಸುವ ಯಂತ್ರ ಪೀಂ ಪೀಂ ಅನ್ನುತ್ತದೆ, ಗಾಬರಿಯಾಗಬೇಡಿ.

ಉಜ್ಜುವುದಕ್ಕಿಂತ ತೊಳೆಯುವುದೇ ಮುಖ್ಯ. ನಾಳದ ಗೋಡೆಯಲ್ಲಿ ಫೈಲು ಮುಟ್ಟದ ಸಂದುಗೊಂದುಗಳು ಎಷ್ಟೋ ಇವೆ. ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ ಅಲ್ಲಿಗೆ ಹೋಗಿ ಸತ್ತ ತಿರುಳನ್ನು ಕರಗಿಸುತ್ತದೆ, ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಈಜುಕೊಳದ ವಾಸನೆ ಮೂಗಿಗೆ ಬಡಿದರೆ ಅದು ಇದರದೇ.

ಖಾಲಿಯಾದ ನಾಳಕ್ಕೆ ತುಂಬುವುದು ಗಟ್ಟಾಪರ್ಚಾ ಎಂಬ ಗುಲಾಬಿ ಬಣ್ಣದ ಕಡ್ಡಿ. ಮಲಯಾ ಕಾಡಿನ ಒಂದು ಮರದ ಹಾಲಿನಿಂದ ಬಂದ ವಸ್ತು. ಸಮುದ್ರದಡಿಯ ತಂತಿಗೆ ನೀರು ತಾಗದಂತೆ ಹೊದಿಸುತ್ತಿದ್ದುದು ಇದನ್ನೇ. 1870ರಲ್ಲಿ ಮುಂಬಯಿಯನ್ನು ಇಂಗ್ಲೆಂಡಿಗೆ ಜೋಡಿಸಿದ ಟೆಲಿಗ್ರಾಫ್ ತಂತಿಗೂ ಅದೇ ಹೊದಿಕೆ. ನೀರು ಒಳಬಿಡದ ಗುಣವೇ ಹಲ್ಲಿನಲ್ಲೂ ಬೇಕಾದದ್ದು. ಇವತ್ತಿನ ಕಡ್ಡಿಯಲ್ಲಿ ಸತುವಿನ ಆಕ್ಸೈಡೇ ಹೆಚ್ಚು, ಹೆಸರು ಮಾತ್ರ ಹಳೆಯದು ಉಳಿದಿದೆ.

ಕೆಲವು ಹಲ್ಲು ಒಂದೇ ಸಲಕ್ಕೆ ಮುಗಿಯುತ್ತವೆ. ಕೀವು ತುಂಬಿದ್ದರೆ ಎರಡು ಮೂರು ಸಲ ಬರಬೇಕು. ನಡುವೆ ನಾಳದಲ್ಲಿ ಔಷಧ ಇಟ್ಟು ಮೇಲೆ ತಾತ್ಕಾಲಿಕ ಸಿಮೆಂಟ್ ಹಾಕಿ ಕಳಿಸುತ್ತೇವೆ. ನಾನು ಇವತ್ತು ಮೈಕಿನ ಮುಂದೆ ಕೂತದ್ದು ಮುಖ್ಯವಾಗಿ ಈ ಹಂತದ ಬಗ್ಗೆ ಹೇಳಲಿಕ್ಕೆ. ಮೊದಲ ಭೇಟಿಯಲ್ಲೇ ನೋವು ನಿಲ್ಲುತ್ತದೆ. ನೋವು ನಿಂತಿತೆಂದರೆ ಜನ ನಿಲ್ಲುತ್ತಾರೆ. ದ್ರಾಕ್ಷಿ ಕಟಾವು ಬರುತ್ತದೆ, ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೆಲಸ ಬರುತ್ತದೆ, ಮಗಳ ಮದುವೆ, ಜಾತ್ರೆ. "ನೋವೇ ಇಲ್ರಿ, ಮತ್ತ ಎದಕ್ಕ ಬರಬೇಕು?" ನೋವು ನಿಂತದ್ದು ರೋಗ ಹೋಗಿ ಅಲ್ಲ, ನೋವು ಹೇಳುವ ನರ ಹೋಗಿ. ತಾತ್ಕಾಲಿಕ ಸಿಮೆಂಟು ವಾರಗಳ ಮಟ್ಟಿಗೆ ಮಾಡಿದ್ದು. ಅದು ಸವೆದು ಎಂಜಲು ಒಳಗಿಳಿದರೆ ಸೂಕ್ಷ್ಮಜೀವಿಗಳು ಸದ್ದಿಲ್ಲದೆ ಬೇರಿನ ತುದಿಗೆ ಹೋಗಿ ಎಲುಬು ತಿನ್ನುತ್ತವೆ. ಬಾವು ಎದ್ದು ಮರಳಿ ಬಂದಾಗ ಉಳಿಸುವ ಹಲ್ಲು ಕೀಳುವ ಹಲ್ಲಾಗಿರುತ್ತದೆ. ಇದರಲ್ಲಿ ವೈದ್ಯರ ತಪ್ಪೂ ಇದೆ ಅನ್ನುತ್ತೇನೆ. ಎಷ್ಟು ಸಲ ಬರಬೇಕು, ಒಟ್ಟು ಎಷ್ಟು ಖರ್ಚು, ಕೊನೆಗೆ ಹಲ್ಲಿನ ಮೇಲೆ ತೊಡಿಸುವ ಕ್ಯಾಪಿನ ದುಡ್ಡು ಅದರಲ್ಲಿ ಸೇರಿದೆಯೋ ಇಲ್ಲವೋ, ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ.

ನಾಳ ತುಂಬಿದ ಮೇಲೆ ಎರಡು ಮೂರು ದಿನ ಅಗಿಯುವಾಗ ಮಂದ ನೋವು ಇರಬಹುದು, ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್‌ಗೆ ಇಳಿಯುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು ಐಬುಪ್ರೊಫೆನ್ ಕೇಳದೆ ನುಂಗಬಾರದು. ಕತ್ತು ಬಾತರೆ, ಬಾಯಿ ತೆರೆಯದಾದರೆ, ನುಂಗಲು ಇಲ್ಲವೆ ಉಸಿರಾಡಲು ತೊಂದರೆಯಾದರೆ ಬೆಳಗಾಗುವ ತನಕ ಕಾಯಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ. ಅಪರೂಪ, ಆದರೆ ಜೀವದ ಮಾತು.

ಇನ್ನು ಕ್ಯಾಪು. ರೂಟ್ ಕೆನಾಲ್ ಆದ ಹಲ್ಲು ಒಣಗಿ ಪೆಡಸಾಗುತ್ತದೆ ಎನ್ನುತ್ತಾರೆ. ಒಣಗುವುದು ಅಷ್ಟು ದೊಡ್ಡ ಕಾರಣವಲ್ಲ. ಹುಳುಕು ಅರ್ಧ ತಿಂದಿರುತ್ತದೆ, ಒಳಗೆ ಹೋಗಲು ನಾವು ಇನ್ನಷ್ಟು ಕೊರೆದಿರುತ್ತೇವೆ. ಉಳಿದ ತೆಳು ಗೋಡೆ ಶೇಂಗಾ ಅಗಿದರೂ ಸೀಳಬಹುದು. ಸೀಳು ಬೇರಿನ ತನಕ ಹೋದರೆ ಕೀಳುವುದೇ ದಾರಿ. ಮುಂದಿನ ಹಲ್ಲಿಗೆ ಕೆಲವೊಮ್ಮೆ ಕ್ಯಾಪ್ ಬೇಡವಾಗಬಹುದು, ದವಡೆ ಹಲ್ಲಿಗೆ ಬೇಕೇ ಬೇಕು, ಅದೂ ಕೆಲವು ವಾರಗಳೊಳಗೆ. ಲೋಹದ್ದು, ಲೋಹದ ಮೇಲೆ ಸಿರಾಮಿಕ್ ಹೊದಿಸಿದ್ದು, ಜಿರ್ಕೋನಿಯಾ, ಹೀಗೆ ಬೆಲೆ ಏರುತ್ತದೆ. ಹಿಂದಿನ ದವಡೆಗೆ ಅಗ್ಗದ ಲೋಹದ ಕ್ಯಾಪು ಚೆನ್ನಾಗಿಯೇ ನಡೆಯುತ್ತದೆ. ಅಲ್ಲಿ ಅಂದ ನೋಡುವವರು ಯಾರು?

ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬಂದು ಇನ್ನೊಂದು ಎಕ್ಸ್-ರೇ ತೆಗೆಸಿಕೊಳ್ಳಿ. ಬೇರಿನ ತುದಿಯಲ್ಲಿ ಮೊದಲು ಕಂಡ ಕಪ್ಪು ಮಚ್ಚೆ ಎಲುಬು ಕರಗಿದ ಗುರುತು. ಅದು ಕಿರಿದಾಗುತ್ತ ಬಂದರೆ ಎಲುಬು ಮತ್ತೆ ತುಂಬುತ್ತಿದೆ ಎಂದು ತಿಳಿಯಬೇಕು. ದೊಡ್ಡದಾಗುತ್ತಿದ್ದರೆ ಹಳೆಯ ತುಂಬುವಿಕೆ ತೆಗೆದು ಮತ್ತೊಮ್ಮೆ ತೊಳೆದು ತುಂಬಲು ಬರುತ್ತದೆ. ಅದನ್ನು ಈ ಕೆಲಸದಲ್ಲೇ ಎಂ.ಡಿ.ಎಸ್. ಸ್ನಾತಕೋತ್ತರ ಪದವಿ ಮಾಡಿದವರ ಹತ್ತಿರ ಮಾಡಿಸುವುದು ಲೇಸು.